ತವರಿನ ಹೊಲ

ನನ್ನ ಮುತ್ತಜ್ಜನಿಗೆ ಧಾರವಾಡ ಸೀಮೆಯಲ್ಲಿ 32 ಎಕರೆ ಎರೆಭೂಮಿಯಿದ್ದಿತು. ಇಬ್ಬರು ಗಂಡುಮಕ್ಕಳಲ್ಲಿ ಹಿಸ್ಸೆಯಾಗಿ ತಲಾ 16, ಮುಂದೆ ಅಜ್ಜನ ನಾಲ್ವರು ಗಂಡುಮಕ್ಕಳಿಗೆ ತಲಾ 4 ಎಕರೆ ಬಂದಿತು. ಈ ಲೆಕ್ಕದಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲವೆಂಬುದನ್ನು ನಾನು ಬಹುಕಾಲ ಗಮನಿಸಲೇ ಇಲ್ಲ.

ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾರಿದ ಮಿತಾಕ್ಷರೆಯನ್ನು ವಿಜ್ಞಾನೇಶ್ವರನು ರಚಿಸಿದುದು ಚಾಲುಕ್ಯರ ಕಲ್ಯಾಣದಲ್ಲಿ. ಕಾಯಕದಲ್ಲಿ ಹೆಣ್ಣು-ಗಂಡೆಂಬ ಭೇದವೆಣಿಸದ ಶರಣರು ಅನಂತರ ಬಾಳಿದುದೂ ಅದೇ ಕಲ್ಯಾಣದಲ್ಲಿಯೇ. ನಾವು ಅನುಭಾವಕ್ಕೆ ಶರಣರನ್ನೂ ಹಿಸ್ಸೆಗೆ ವಿಜ್ಞಾನೇಶ್ವರನನ್ನೂ ಆರಿಸಿಕೊಂಡೆವು; ಜಾಣರಲ್ಲವೆ!

2005ರ ತಿದ್ದುಪಡಿಯು ಮಗಳಿಗೂ ಸಮಪಾಲೆಂದಿತು. ಆ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ತಂದೆತಾಯಿಗಳು ಲಿಂಗೈಕ್ಯರಾದ ಬಳಿಕ, ಆ 4 ಎಕರೆಯಲ್ಲಿ ನಮ್ಮ ಮೂವರಿಗೆ ತಲಾ 1 ಎಕರೆ 13 ಗುಂಟೆ. ಆದರೆ ತಂಗಿಯು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿದಳು. “ಅಣ್ಣಾ, ಪಂಚಮಿಗೆ ಕರೀಲಿಕ್ಕೆ ಬಂದರ ಸಾಕು” ಎಂದಳು.

ಇದು ದಾನವೆ? ಸದ್ಭಕ್ತರು ವಿಚಾರಿಸಬೇಕು. ತನ್ನದೆಂದು ತಿಳಿದು ಕೊಟ್ಟುದು ದಾನ; ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಬಿಟ್ಟುದಕ್ಕೆ ಏನೆಂದು ಹೆಸರು? ಮದುವೆಯಾಗುವವರೆಗೆ ಆ ಹೊಲದಲ್ಲಿ ಕಳೆ ತೆಗೆದವಳು, ಹತ್ತಿ ಬಿಡಿಸಿದವಳು ಅವಳು. ನಾನಾದರೋ ಶಬ್ದಮಣಿದರ್ಪಣ ಓದುತ್ತ ಕುಳಿತಿದ್ದೆ.

ಪತ್ರವಿನ್ನೂ ನೋಂದಣಿಯಾಗಿಲ್ಲ. ಪಂಚಮಿಗೆ ತಂಗಿ ಬಂದಾಗ ಅದನ್ನು ಮೊದಲಿನಿಂದ ಓದಿ ಹೇಳಬೇಕೆಂದಿದ್ದೇನೆ. ತಮ್ಮನಿಗೂ ತಿಳಿಸಿದೆ. ಎರಡು ದಿನಗಳಿಂದ ಅವನು ನನ್ನೊಡನೆ ಮಾತನಾಡಿಲ್ಲ.