ಕೂಸಿನ ಏಕಾಂತ

ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಕಡೇಚೂರಿನ ಸೀಮೆಯಲ್ಲಿ ಎರೆಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದುಂಟು. ಉಳಿದ ಮಣ್ಣನ್ನು ಹಿಡಿದು ಮೂಲೆಯಲ್ಲಿ ಕುಳಿತ ಕೂಸನ್ನು ನೋಡಿರಿ. ಕೋಡು ಮುರಿದರೆ ಮತ್ತೆ ಹಚ್ಚುವುದು. ತನ್ನಷ್ಟಕ್ಕೆ ತಾನೇ ನುಡಿಯುವುದು. “ಒಬ್ಬನೇ ಏಕೆ ಕುಳಿತೆ?” ಎಂದು ನಾವು ಎಬ್ಬಿಸುತ್ತೇವೆ; ಇಲ್ಲವೆ ಕೈಗೆ ಮೊಬೈಲು ಕೊಡುತ್ತೇವೆ. ಇದು ವಾತ್ಸಲ್ಯವೇ?

ಕೂಡಿ ಆಡಿದರಲ್ಲವೆ ಕೂಡಿ ಬಾಳುವುದು ಬರುವುದೆಂದರೆ, ನಿಜ. ಆದರೆ ತನ್ನೊಡನೆ ತಾನಿರಲಾರದವನು ಸಂಗಕ್ಕೆ ತರುವುದೇನನ್ನು? ತಾಯಿ ಸಮೀಪದಲ್ಲಿರುವಾಗಲೇ ಮಗು ಒಂಟಿಯಾಗಿರುವುದನ್ನು ಕಲಿಯುವುದೆಂದು ಆಂಗ್ಲ ಶಿಶುವೈದ್ಯ ವಿನಿಕಾಟ್ 1958ರ ಲೇಖನವೊಂದರಲ್ಲಿ ಪ್ರತಿಪಾದಿಸಿದನು. ಏಕಾಂತ ಬೇರೆ, ಅನಾಥತ್ವ ಬೇರೆ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿರಿಸಿದ ಭಕ್ತನನ್ನು ಒಂಟಿಯೆನ್ನುವವರಾರು? ಅವನ ಪೂಜೆಯನ್ನು ನಾವು ನಡುವೆ ಕೆಡಿಸುವುದಿಲ್ಲ.

ಕೂಸಿನ ತನ್ಮಯತೆಗೂ ಅಷ್ಟು ಮರ್ಯಾದೆ ಸಲ್ಲಲಿ. ತಾಯಂದಿರೇ, ಕಣ್ಣಳತೆಯಲ್ಲಿರಿ, ಕರೆದಾಗ ಓಗೊಡಿರಿ, ಕರೆಯದಿದ್ದಾಗ ಸುಮ್ಮನಿರಿ.