ಒಂಟಿ ಮರಿಯ ಕೂಗು

ಸಂತೆಯಲ್ಲಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಕಂಡು ಮಕ್ಕಳು ಹಟ ಹಿಡಿಯುತ್ತಾರೆ. ನಾವು ಒಂದನ್ನು ಕೊಂಡು ತರುತ್ತೇವೆ. ನುಚ್ಚು, ನೀರು, ರಟ್ಟಿನ ಪೆಟ್ಟಿಗೆ ಎಲ್ಲವೂ ಇದ್ದರೂ ಅದು ಎಡೆಬಿಡದೆ ಕೂಗುತ್ತದೆ. ಹೊಟ್ಟೆ ತುಂಬಿದ ಮೇಲೂ ಈ ಕೂಗೇಕೆ?

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಾಯಿಯ ರೆಕ್ಕೆಯಡಿ, ಒಡಹುಟ್ಟಿದ ಮರಿಗಳ ಮೈಗೆ ಮೈ ತಾಗಿಸಿ ಅದು ಬೆಚ್ಚಗಿರುತ್ತದೆ. ಬಲ್ಬು ಶಾಖ ಕೊಟ್ಟೀತು, ಜೊತೆ ಕೊಡಲಾರದು. ಒಂಟಿ ಮರಿ ಮನುಷ್ಯನನ್ನೇ ತಾಯಿಯೆಂದು ನಂಬಿ ಹಿಂಬಾಲಿಸುತ್ತದೆ. ಮಗು ಶಾಲೆಗೆ ಹೊರಟೊಡನೆ ಮತ್ತೆ ಅನಾಥವಾಗುತ್ತದೆ.

ಪ್ರಾಣಿಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (6:38) ತಿಳಿಸುತ್ತದೆ. ಮರಿಗಳನ್ನು ಕಳೆದುಕೊಂಡು ಚಡಪಡಿಸುತ್ತಿದ್ದ ಹಕ್ಕಿಯನ್ನು ಕಂಡ ಪ್ರವಾದಿ(ಸ)ರವರು, ಅವುಗಳನ್ನು ಮರಳಿಸುವಂತೆ ಅನುಚರರಿಗೆ ಆಜ್ಞಾಪಿಸಿದರು. ಅಲ್ಲಿನ ಪ್ರಶ್ನೆ ಮೇವಿನದಲ್ಲ, ಅಗಲಿಕೆಯದು. ಹಾಗೆಂದು ಸಾಕುವುದು ನಿಷಿದ್ಧವಲ್ಲ. ಬಾಲಕ ಅಬೂ ಉಮೈರ್ ಸಾಕಿದ್ದ ಪುಟ್ಟ ಹಕ್ಕಿಯ ಕುರಿತು ಪ್ರವಾದಿ(ಸ)ರವರು ಅವನೊಡನೆ ಅಕ್ಕರೆಯಿಂದ ಮಾತಾಡುತ್ತಿದ್ದರು.

ಆದ್ದರಿಂದ ತರುವುದಾದರೆ ಎರಡು ಮೂರು ಮರಿಗಳನ್ನು ತರೋಣ. ಒಂದೇ ಉಳಿದರೆ ಅದೇ ವಯಸ್ಸಿನ ಮರಿಯೊಂದನ್ನು ಜೊತೆಗಿಡೋಣ. ಆಗದಿದ್ದರೆ ತರದಿರುವುದೇ ಕರುಣೆ. ಕಾಳು ಹಾಕಿದ ಮಾತ್ರಕ್ಕೆ ಹೊಣೆ ತೀರದೆಂದು ಮಗು ಈಗಲೇ ಕಲಿಯಲಿ. ಹೊತ್ತು ಹೊತ್ತಿಗೆ ಊಟ ಸಿಕ್ಕಿಯೂ ಮೂಲೆಯಲ್ಲಿ ಒಂಟಿಯಾಗಿ ಕುಳಿತಿರುವ ಅಜ್ಜಿಯ ಬಳಿಗೆ ನಾಳೆ ಅದು ತಾನಾಗಿಯೇ ಹೋಗಿ ಕುಳಿತುಕೊಂಡೀತು.