ಭಯದ ಕಥೆಯನ್ನು ಹೇಳುವವರು ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಆಷಾಢದ ಮಳೆ ಹಗಲನ್ನೇ ಇರುಳು ಮಾಡುವಾಗ ಭಯದ ಕಥೆಗಳಿಗೆ ಬರವಿಲ್ಲ. ಅಂಥದೊಂದು ಸಂಜೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ, “ಫಾದರ್, ಇದನ್ನು ಓದಿ. ಇದರಲ್ಲಿ ಶಿಲುಬೆಯೇ ಗೆಲ್ಲುತ್ತದೆ” ಎಂದು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ವನ್ನು ಕೈಗಿತ್ತನು. 1897ರಲ್ಲಿ ಪ್ರಕಟವಾದ ಕಾದಂಬರಿ. ಓದಿ ಮುಗಿಸಿದೆ, ಮೆಚ್ಚಿದೆನೆನ್ನಲೇ, ಮೆಚ್ಚಲಿಲ್ಲವೆನ್ನಲೇ?

ಮೊದಲ ನಾಲ್ಕು ಅಧ್ಯಾಯಗಳು ಅಪೂರ್ವ. ಕೋಟೆಯಲ್ಲಿ ಸೆರೆಯಾದ ಜೊನಾಥನ್ ಹಾರ್ಕರ್ ದಿನಚರಿಯಲ್ಲಿ ಬರೆದಷ್ಟೇ ನಮಗೂ ತಿಳಿಯುವುದರಿಂದ ಓದುಗನೂ ಅವನೊಡನೆ ಸೆರೆಯಾಗುತ್ತಾನೆ. ಅನಂತರ ಕಥೆಯು ಪತ್ರಗಳು, ವೈದ್ಯನ ದಿನಚರಿ, ಹಡಗಿನ ದಾಖಲೆ, ಪತ್ರಿಕೆಯ ತುಣುಕುಗಳಲ್ಲಿ ಚದುರಿ, ಅಲ್ಲಲ್ಲಿ ಬೇಸರ ತರಿಸುತ್ತದೆ. ಶಿಲುಬೆಯ ಗೆಲುವೂ ನನಗೆ ಹಿತವೆನಿಸಲಿಲ್ಲ. ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಪರಮಪ್ರಸಾದವನ್ನು ಪುಡಿಮಾಡಿ, ಕಣಕದಂತೆ ಕಲಸಿ, ಸಮಾಧಿಯ ಸಂದುಗಳಿಗೆ ಮೆತ್ತುತ್ತಾನೆ. ಅದಕ್ಕೆ ತನಗೆ ಅನುಮತಿಯಿದೆ ಎನ್ನುತ್ತಾನೆ! (ಅಂಥ ಅನುಮತಿಯನ್ನು ಯಾವ ಧರ್ಮಾಧ್ಯಕ್ಷರೂ ಕೊಡಲಾರರು.) ಕ್ರಿಸ್ತನ ಶರೀರವು ಬಾಗಿಲಿಗೆ ಕಟ್ಟುವ ತಾಯಿತವಲ್ಲ.

ಆದರೆ ನನ್ನ ನಿದ್ದೆಗೆಡಿಸಿದ್ದು ಬೇರೊಂದು ಸಂಗತಿ. ಇಷ್ಟೊಂದು ಮಂದಿ ಬರೆಯುವ ಈ ಕಥೆಯಲ್ಲಿ ಡ್ರಾಕುಲನಿಗೆ ಮಾತ್ರ ತನ್ನದೆಂಬ ಪುಟವಿಲ್ಲ. ಅವನ ಕಾಗದವೂ ನಮಗೆ ಸಿಗುವುದು ಹಾರ್ಕರ್‌ನ ದಿನಚರಿಯೊಳಗೆ. ಭಯ ಬೆಳೆಯುವುದು ಈ ಕಥನಕ್ರಮದಿಂದಲೇ ಎಂಬುದನ್ನು ಒಪ್ಪುತ್ತೇನೆ.

ವರ್ಷಗಳ ಹಿಂದೆ ಹೊಸನಗರದ ಕಡೆಯ ಒಂದು ಮನೆಗೆ ಹೋಗಿದ್ದೆ. ಮಗುವಿಗೆ ಜ್ವರ ಬಿಟ್ಟಿರಲಿಲ್ಲ. ತಾಯಿ ತಾನು ಕಂಡುದನ್ನು ಹೇಳಿದರು, ಅಜ್ಜ ಇನ್ನೊಂದನ್ನು, ನೆಂಟರು ಮತ್ತೊಂದನ್ನು: ಹಸುವಿನ ಹಾಲು ಬತ್ತಿದ್ದು, ಅಂಗಳದಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಸಿಕ್ಕಿದ್ದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲವನ್ನೂ ಜೋಡಿಸಿದಾಗ, ತೋಟದಾಚೆ ಒಂಟಿಯಾಗಿದ್ದ ವೃದ್ಧೆಯೊಬ್ಬರು ಮಾಟಗಾತಿಯಾಗಿದ್ದರು. ನಾನು ಪವಿತ್ರ ಜಲ ಚಿಮುಕಿಸಿ, ಪ್ರಾರ್ಥಿಸಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರೆಂದು ಹೇಳಿ ಬಂದೆ. ಮಾಟವಿಲ್ಲವೆಂದು ಹೇಳಲಿಲ್ಲ, ತೋಟ ದಾಟಿ ಆ ತಾಯಿಯನ್ನು ಮಾತನಾಡಿಸಲೂ ಇಲ್ಲ. ಪಾದ್ರಿಗಳೇ ಬಂದು ಜಲ ಚಿಮುಕಿಸಿದ ಮೇಲೆ ಮನೆಯವರ ಅನುಮಾನ ಕರಗಿತೋ, ಗಟ್ಟಿಯಾಯಿತೋ?

ತೀರ್ಥಹಳ್ಳಿಯ ನೆಲದ ಕುವೆಂಪು ಅವರು 1967ರಲ್ಲಿ ನೀಡಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿಯೂ ಕಾಡಿದೆ, ಕತ್ತಲೆಯಿದೆ, ದೆವ್ವದ ಅಂಜಿಕೆಯಿದೆ. ಆದರೆ ಗುತ್ತಿಯ ನಾಯಿ ಹುಲಿಯನ ಅಂತರಂಗವನ್ನೂ ಆ ಕಥನ ಹೊಕ್ಕು ಬರುತ್ತದೆ. (ಅಲ್ಲಿನ ಪಾದ್ರಿಯ ಚಿತ್ರ ನಮಗೆ ಇರುಸುಮುರುಸು ತಂದರೂ ಓದಲೇಬೇಕಾದ ಪುಸ್ತಕ.)

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಸಮಾಧಿಗಳ ನಡುವೆ ಅರಚುತ್ತಿದ್ದ ಮನುಷ್ಯನನ್ನು ಜನರು ಸರಪಳಿಯಿಂದ ಬಿಗಿದು ನೋಡಿದ್ದರು. ಪ್ರಭು ಯೇಸು ಹೆಸರೇನೆಂದು ಕೇಳಿದರು. ಗುಣವಾದ ಮೇಲೆ, ಮನೆಗೆ ಹೋಗಿ ನಡೆದುದನ್ನು ತನ್ನವರಿಗೆ ತಾನೇ ತಿಳಿಸುವಂತೆ ಅವನನ್ನು ಕಳುಹಿಸಿದರು. ಊರವರಾದರೋ ಹೆದರಿ, ಯೇಸುವನ್ನೇ ಹೊರಟುಹೋಗಿರೆಂದು ಬೇಡಿಕೊಂಡರು.

ಸ್ಟೋಕರ್‌ನಿಗೂ ಇದು ಹೊಳೆಯದೆ ಇರಲಿಲ್ಲ. ಸ್ವತಃ ಡ್ರಾಕುಲನ ಹಲ್ಲಿಗೆ ಸಿಕ್ಕ ಮಿನಾಳೇ, ಇಷ್ಟೆಲ್ಲ ದುಃಖ ತಂದ ಆ ಜೀವವೇ ಎಲ್ಲರಿಗಿಂತ ಹೆಚ್ಚು ಮರುಕಕ್ಕೆ ಪಾತ್ರವೆಂದು ಬೇಟೆಗೆ ಹೊರಟ ಗಂಡಸರಿಗೆ ಹೇಳುತ್ತಾಳೆ. ಪುಸ್ತಕವನ್ನು ಮರಳಿಸುವಾಗ ಆ ಪುಟಕ್ಕೆ ಗುರುತಿಟ್ಟು ಕೊಟ್ಟೆ.

ಹೊಸನಗರದ ಆ ಮಗು ಗುಣವಾಯಿತು. ವೃದ್ಧೆ ಮರುವರ್ಷವೇ ಊರು ಬಿಟ್ಟರೆಂದು ಕೇಳಿದೆ. ಎಲ್ಲಿಗೆ ಹೋದರೆಂದು ವಿಚಾರಿಸಿದರೆ ಯಾರಿಗೂ ತಿಳಿದಿರಲಿಲ್ಲ.